ಮಗ್ಗಕ್ಕೆ ಮೊದಲು ವಿನ್ಯಾಸದ ಪಾಠ: ಕಚ್ಛ್‌ನ ಪ್ರಯೋಗ, ಇಳಕಲ್ಲಿನ ಪ್ರಶ್ನೆ

ಪ್ಯಾರಿಸ್ ನಗರದ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗಕ್ಕೆ 1824ರಲ್ಲಿ ರಸಾಯನಶಾಸ್ತ್ರಜ್ಞ ಮಿಷೆಲ್ ಯುಜೀನ್ ಶೆವ್ರಲ್ ಅವರು ಮುಖ್ಯಸ್ಥರಾಗಿ ನೇಮಕಗೊಂಡರು. ಅವರ ಮುಂದೆ ಬಂದ ದೂರುಗಳಲ್ಲಿ ಒಂದು ಕಪ್ಪು ನೂಲನ್ನು ಕುರಿತದ್ದಾಗಿತ್ತು. ನೀಲಿ ಹಾಗೂ ನೇರಳೆ ವಸ್ತ್ರಗಳ ನೆರಳನ್ನು ಚಿತ್ರಿಸಲು ಬಳಸುವ ಕಪ್ಪಿಗೆ ಗಾಢತೆ ಸಾಲದು, ಅದು ಮಾಸಿದಂತೆ ಕಾಣುತ್ತದೆ ಎಂಬುದು ನೇಕಾರರ ಆಕ್ಷೇಪ. ಶೆವ್ರಲ್ ಅವರು ಅದೇ ನೂಲನ್ನು ಇತರ ಹೆಸರಾಂತ ಕಾರ್ಖಾನೆಗಳ ಕಪ್ಪು ನೂಲಿನೊಡನೆ ಹೋಲಿಸಿ ನೋಡಿದರು. ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಪಕ್ಕದ ಬಣ್ಣದಲ್ಲಿ. ನೀಲಿಯ ಮಗ್ಗುಲಿಗಿಟ್ಟ ಕಪ್ಪು ತನ್ನ ಕಸುವನ್ನು ಕಳೆದುಕೊಂಡಂತೆ ಕಣ್ಣಿಗೆ ತೋರುತ್ತಿತ್ತು. ಈ ಅನುಭವದಿಂದ ಬೆಳೆದ ಅಧ್ಯಯನವು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿ, ಇಂದಿಗೂ ಜವಳಿ ವಿನ್ಯಾಸ ಶಿಕ್ಷಣದ ಮೂಲಪಾಠಗಳಲ್ಲಿ ಒಂದಾಗಿದೆ.

ಈ ಪ್ರಸಂಗದಲ್ಲಿ ವರ್ತಕರಿಗೆ ಪರಿಚಿತವಾದ ಅಂಶವೊಂದಿದೆ. ಮಾಲು ಮೆಚ್ಚುಗೆಯಾಗದಿದ್ದಾಗ ದೂರು ಮೊದಲು ಹೋಗುವುದು ಬಣ್ಣಗಾರನ ಮೇಲೆ, ಅನಂತರ ನೇಕಾರನ ಮೇಲೆ. ಬಣ್ಣಗಳನ್ನು ಜೋಡಿಸಿದವರು ಯಾರು, ಯಾವ ಬೆಳಕಿನಲ್ಲಿ ನೋಡಿ ಜೋಡಿಸಿದರು ಎಂಬ ಪ್ರಶ್ನೆ ಏಳುವುದು ಅಪರೂಪ. ಬಹುತೇಕ ಅಂಗಡಿಗಳಲ್ಲಿ ನೂಲಿನ ಬಣ್ಣವನ್ನು ಆರಿಸುವುದು ಟ್ಯೂಬ್‌ಲೈಟಿನ ಕೆಳಗೆ, ಒಂದೊಂದು ಲಡಿಯನ್ನು ಬಿಡಿಬಿಡಿಯಾಗಿ ಹಿಡಿದು. ಆದರೆ ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಬಿದ್ದಾಗ ಕಣ್ಣಿಗೆ ಕಾಣುವುದು ಅವೆರಡರ ಮಿಶ್ರಣವಾದ ಮೂರನೆಯ ಬಣ್ಣ. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕು ರೇಷ್ಮೆಯಲ್ಲಿ ನವಿರಾದ ಎರಡು ಛಾಯೆಗಳನ್ನು ಕೊಡುತ್ತದೆ. ಹೊಳಪಿಲ್ಲದ ಹತ್ತಿಯಲ್ಲಿ ಅದೇ ಜೋಡಿ ಕೆಸರು ಬಣ್ಣಕ್ಕೆ ತಿರುಗುವ ಸಂಭವ ಹೆಚ್ಚು. ಇದನ್ನು ಹಿರಿಯ ನೇಕಾರರು ಅನುಭವದಿಂದ ಬಲ್ಲರು. ಆದೇಶ ಕೊಡುವವರು ಅವರನ್ನು ಕೇಳುವುದಿಲ್ಲ, ಅಷ್ಟೇ.

ಇದರ ಬೆಲೆಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಸೀರೆಯೊಂದಕ್ಕೆ ರೂ. 2,000 ಉತ್ಪಾದನಾ ವೆಚ್ಚ, ರೂ. 300 ಲಾಭ ಎಂದು ಭಾವಿಸಿದರೆ, ನೂರು ಸೀರೆಗಳಿಂದ ರೂ. 30,000 ಲಾಭ ಬರಬೇಕು. ಬಣ್ಣದ ಹೊಂದಾಣಿಕೆ ಸರಿಯಿಲ್ಲದೆ ಹದಿನೈದು ಸೀರೆಗಳು ಉಳಿದು, ವರ್ಷಾಂತ್ಯದ ರಿಯಾಯಿತಿಯಲ್ಲಿ ರೂ. 1,200ರಂತೆ ಹೋದವು ಎಂದುಕೊಂಡರೆ, ಎಂಬತ್ತೈದು ಸೀರೆಗಳ ರೂ. 25,500 ಲಾಭದಲ್ಲಿ ರೂ. 12,000 ನಷ್ಟ ಕಳೆದು ಕೈಗೆ ಉಳಿಯುವುದು ರೂ. 13,500 ಮಾತ್ರ. ನೂರರಲ್ಲಿ ಹದಿನೈದು ಸೀರೆಗಳು ಅರ್ಧಕ್ಕಿಂತ ಹೆಚ್ಚು ಲಾಭವನ್ನು ನುಂಗಿಬಿಡುತ್ತವೆ. ಬಂಡವಾಳ ಕಟ್ಟಿಹೋದ ಅವಧಿಯ ಬಡ್ಡಿ ಇದರಲ್ಲಿ ಸೇರಿಲ್ಲ.

ಕಚ್ಛ್‌ನ ಪಾಠಶಾಲೆ

ಕೈಕಸುಬುದಾರರಿಗೇ ವಿನ್ಯಾಸದ ಮೂಲತತ್ವಗಳನ್ನು ಕ್ರಮಬದ್ಧವಾಗಿ ಕಲಿಸುವ ಪ್ರಯತ್ನ ಗುಜರಾತಿನ ಕಚ್ಛ್ ಜಿಲ್ಲೆಯಲ್ಲಿ ನಡೆಯಿತು. ಅಮೆರಿಕದ ವಸ್ತ್ರ ಅಧ್ಯಯನಕಾರ್ತಿ ಜೂಡಿ ಫ್ರೇಟರ್ ಅವರು 1993ರಲ್ಲಿ ಕಸೂತಿ ಕುಶಲಕರ್ಮಿಗಳೊಡನೆ ಕೂಡಿ ಕಲಾ ರಕ್ಷಾ ಸಂಸ್ಥೆಯನ್ನು ಕಟ್ಟಿದರು. 2005ರಲ್ಲಿ ಅದರ ಆಶ್ರಯದಲ್ಲಿ ಕಲಾ ರಕ್ಷಾ ವಿದ್ಯಾಲಯ ಆರಂಭವಾಯಿತು. 2014ರಲ್ಲಿ ಇದೇ ಶಿಕ್ಷಣಕ್ರಮ ಆದಿಪುರದ ಸೋಮಯ್ಯ ಕಲಾ ವಿದ್ಯಾ ಸಂಸ್ಥೆಯಲ್ಲಿ ಮುಂದುವರಿಯಿತು.

ಅಲ್ಲಿಯ ಪಠ್ಯಕ್ರಮದ ರಚನೆಯೇ ಗಮನಿಸತಕ್ಕದ್ದು. ಒಂದು ವರ್ಷದ ಅವಧಿಯಲ್ಲಿ ಎರಡೆರಡು ವಾರಗಳ ಆರು ಪಾಠಘಟ್ಟಗಳು. ಮೊದಲನೆಯದು ಬಣ್ಣ, ಎರಡನೆಯದು ಮೂಲ ವಿನ್ಯಾಸ, ಮೂರನೆಯದು ಮಾರುಕಟ್ಟೆಯ ಪರಿಚಯ. ಅನಂತರದ ಘಟ್ಟಗಳಲ್ಲಿ ಒಂದು ಪರಿಕಲ್ಪನೆಯನ್ನು ಹಿಡಿದು ಪರಸ್ಪರ ಹೊಂದುವ ಮಾಲುಗಳ ಗುಚ್ಛವನ್ನು ಸಿದ್ಧಪಡಿಸುವುದು, ಅಂತಿಮ ಒಪ್ಪ, ಕೊಳ್ಳುವವರ ಮುಂದೆ ಅದನ್ನು ಮಂಡಿಸುವುದು. ಘಟ್ಟಗಳ ನಡುವಿನ ವಾರಗಳಲ್ಲಿ ವಿದ್ಯಾರ್ಥಿಗಳು ಊರಿಗೆ ಮರಳಿ, ಕಲಿತದ್ದನ್ನು ತಮ್ಮದೇ ಮಗ್ಗ, ಬಣ್ಣದ ತೊಟ್ಟಿ, ಸೂಜಿಗಳ ಮೇಲೆ ಪ್ರಯೋಗಿಸಬೇಕು. ನೇಕಾರರು, ಬಾಂಧನಿ ಹಾಗೂ ಅಜ್ರಕ್ ಕೆಲಸದ ಪುರುಷರಿಗೂ ಕಸೂತಿ ಕೆಲಸದ ಮಹಿಳೆಯರಿಗೂ ಪ್ರತ್ಯೇಕ ತರಗತಿಗಳು ನಡೆದವು. ಕೊನೆಯಲ್ಲಿ ತಜ್ಞರ ಸಮಿತಿಯ ಮುಂದೆ ಪ್ರದರ್ಶನ. ಇಡೀ ಕ್ರಮದ ಹಿಂದಿರುವ ಆಲೋಚನೆ ಸರಳವಾದುದು: ದುಡಿಯುವ ಕೈಯನ್ನು ದುಡಿಮೆಯಿಂದ ವರ್ಷಗಟ್ಟಲೆ ಬಿಡಿಸಿ ಕಾಲೇಜಿನಲ್ಲಿ ಕೂರಿಸಲಾಗದು, ಕಾಲೇಜೇ ದುಡಿಮೆಯ ಲಯಕ್ಕೆ ಹೊಂದಿಕೊಳ್ಳಬೇಕು.

ಬಣ್ಣದ ಪಾಠವು ಪುಸ್ತಕದ ವರ್ಣಚಕ್ರದಲ್ಲಿ ಮುಗಿಯುವುದಿಲ್ಲ. ಪರಂಪರೆಯ ಹಳೆಯ ವಸ್ತ್ರಗಳು ಮತ್ತು ಸುತ್ತಲಿನ ಪ್ರಕೃತಿ ಇವೆರಡೇ ಅದರ ಆಕರಗಳು. ಅಜ್ಜನ ಕಾಲದ ಶಾಲೊಂದನ್ನು ಎದುರಿಗೆ ಹರಡಿ, ಅದರಲ್ಲಿ ಗಾಢ ಬಣ್ಣ ಎಷ್ಟು ಭಾಗ, ತಿಳಿ ಬಣ್ಣ ಎಷ್ಟು ಭಾಗ, ಒತ್ತು ಕೊಡುವ ಮೂರನೆಯ ಬಣ್ಣ ಎಷ್ಟು ಎಂದು ಅಳೆಯುವ ಅಭ್ಯಾಸವನ್ನು ಯಾವ ಊರಿನ ನೇಕಾರನೂ ಮಾಡಬಹುದು. ಇದಕ್ಕೆ ದುಬಾರಿ ಉಪಕರಣ ಬೇಡ. ಬಣ್ಣಗಳ ತಿಳಿ-ಗಾಢ ಅಂತರವನ್ನು ಪರೀಕ್ಷಿಸಲು ಕಣ್ಣನ್ನು ಅರೆಮುಚ್ಚಿ ನೋಡಿದರೆ ಸಾಕು. ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದರೆ ಇನ್ನೂ ಸ್ಪಷ್ಟ. ಅಂಚೂ ಒಡಲೂ ಬೇರೆ ಬೇರೆ ಬಣ್ಣದವಾಗಿದ್ದರೂ ಚಿತ್ರದಲ್ಲಿ ಒಂದೇ ಬೂದಿಯಾಗಿ ಕಂಡರೆ, ದೂರದಿಂದ ನೋಡುವ ಗಿರಾಕಿಗೆ ಆ ಅಂಚು ಕಾಣುವುದೇ ಇಲ್ಲ.

ಎಳೆಯ ಲೆಕ್ಕ

ಜವಳಿಯಲ್ಲಿ ವಿನ್ಯಾಸವೆಂದರೆ ಚಿತ್ರ ಬರೆಯುವುದಲ್ಲ, ಪುನರಾವರ್ತನೆಯನ್ನು ನಿರ್ವಹಿಸುವುದು. ಒಂದು ಬುಟ್ಟಾ ಸಾಲಾಗಿ ನೆಟ್ಟಗೆ ಬರಬಹುದು, ಇಟ್ಟಿಗೆ ಕಟ್ಟಿದಂತೆ ಅರ್ಧ ಸರಿದು ಬರಬಹುದು, ಕನ್ನಡಿಯಲ್ಲಿ ಕಂಡಂತೆ ಮುಖಾಮುಖಿಯಾಗಿ ಬರಬಹುದು. ಬುಟ್ಟಾ ಒಂದೇ ಆದರೂ ಮೂರು ಬೇರೆ ಬೇರೆ ಬಟ್ಟೆಗಳು ಹುಟ್ಟುತ್ತವೆ. ಬುಟ್ಟಾದಷ್ಟೇ ಅದರ ಸುತ್ತಲಿನ ಖಾಲಿ ಜಾಗಕ್ಕೂ ಬೆಲೆಯಿದೆ ಎಂಬುದು ಹೊಸಬರಿಗೆ ಬೇಗ ಹತ್ತದ ಪಾಠ. ಕೊಟ್ಟ ಹಣಕ್ಕೆ ಕೆಲಸ ತುಂಬಿರಬೇಕೆಂದು ಒತ್ತಾಯಿಸುವ ವರ್ತಕರಿಗೂ ಅದು ಹತ್ತುವುದಿಲ್ಲ.

ಈ ಲೆಕ್ಕ ಮಗ್ಗದ ಮೇಲೆ ನಿಷ್ಠುರವಾದುದು. ಅಂಗುಲಕ್ಕೆ 80 ಎಳೆಗಳಿರುವ ಹಾಸಿನಲ್ಲಿ ಮೂರು ಅಂಗುಲದ ಅಂಚಿಗೆ 240 ಎಳೆಗಳು ದೊರೆಯುತ್ತವೆ. ನಮೂನೆ 40 ಎಳೆಗಳದ್ದಾದರೆ ಆರು ಬಾರಿ ಪೂರ್ಣವಾಗಿ ಕೂರುತ್ತದೆ; 48 ಎಳೆಗಳದ್ದಾದರೆ ಐದು ಬಾರಿ. ಕಾಗದದ ಮೇಲೆ ಅಂದವಾಗಿ ಕಾಣುವ 44 ಎಳೆಗಳ ನಮೂನೆಯೊಂದನ್ನು ನಗರದ ವಿನ್ಯಾಸಕಾರರು ಕಳುಹಿಸಿದರೆ, ಐದು ಬಾರಿ ಬಂದು ಆರನೆಯದು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಆ ಅರ್ಧ ಹೂವನ್ನು ಗಿರಾಕಿ ನೇಕಾರನ ತಪ್ಪೆಂದೇ ತಿಳಿಯುತ್ತಾನೆ. ಕಾಗದದ ಚಿತ್ರವನ್ನು ಗ್ರಾಫ್ ಹಾಳೆಗೆ ಇಳಿಸುವ ಹಂತದಲ್ಲಿ ನೇಕಾರನನ್ನೂ ಕೂರಿಸಿಕೊಂಡಿದ್ದರೆ ನಾಲ್ಕು ಎಳೆ ಹೆಚ್ಚು-ಕಡಿಮೆ ಮಾಡಿ ಮುಗಿಯುವ ಕೆಲಸವದು.

ಉತ್ತರ ಕರ್ನಾಟಕದ ಕಸೂತಿಯಲ್ಲಿ ಈ ಶಿಸ್ತು ಪರಂಪರೆಯಿಂದಲೇ ಬಂದಿದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕತಕ್ಕವು; ಪಡಿಯಚ್ಚು ತೆಗೆದು ಹಾಕುವ ಪದ್ಧತಿ ಇಲ್ಲ. ಗೋಪುರ, ತೇರು, ಆನೆ, ತುಳಸಿಕಟ್ಟೆ ಮೊದಲಾದವು ಅಡ್ಡ, ಉದ್ದ, ಓರೆ ರೇಖೆಗಳಲ್ಲಿ ಮೂಡಿದ್ದಕ್ಕೆ ಎಳೆ ಎಣಿಸುವ ಕ್ರಮವೇ ಕಾರಣ. ವಿನ್ಯಾಸ ಶಾಲೆಗಳು ಜಾಲರಿಯ ಮೇಲಿನ ರಚನೆ ಎಂದು ಹೇಳಿಕೊಡುವುದನ್ನು ಧಾರವಾಡ ಕಡೆಯ ಮನೆಗಳಲ್ಲಿ ತಾಯಂದಿರು ಮಗಳ ಕೈ ಹಿಡಿದು ಕಲಿಸಿದ್ದಾರೆ. ಕೊರತೆಯಿರುವುದು ಕೌಶಲಕ್ಕಲ್ಲ. ತಿಳಿದಿರುವುದಕ್ಕೆ ಹೆಸರು ಕೊಟ್ಟು, ಬೇರೆ ಅಳತೆಗೆ, ಬೇರೆ ಬಳಕೆಗೆ, ಬೇರೆ ಬೆಲೆಗೆ ಅದನ್ನು ಬೇಕೆಂದೇ ಬದಲಿಸುವ ಅಭ್ಯಾಸಕ್ಕೆ.

ಇಳಕಲ್ಲಿನಲ್ಲಿ ಏನು ಬದಲಿಸಬಹುದು

ಕಚ್ಛ್‌ನ ಪ್ರಯೋಗಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವೊಂದಿದೆ. ಸೋಮಯ್ಯ ಕಲಾ ವಿದ್ಯಾದಿಂದ ‘ಭುಜೋಡಿಯಿಂದ ಬಾಗಲಕೋಟೆಗೆ’ ಎಂಬ ಹೆಸರಿನಲ್ಲಿ ನಡೆದ ಕಾರ್ಯಕ್ರಮದಲ್ಲಿ, ವಿನ್ಯಾಸ ಕಲಿತ ಕಚ್ಛ್‌ನ ಕುಶಲಕರ್ಮಿಗಳು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ನೇಕಾರರಿಗೆ ಮಾರ್ಗದರ್ಶಕರಾದರು. ನೇಕಾರನಿಗೆ ನೇಕಾರನೇ ಗುರುವಾದದ್ದು ಇದರ ವಿಶೇಷ. ಭಾಷೆ ಬೇರೆಯಾದರೂ ಹಾಸು, ಹೊಕ್ಕು, ಫಣಿ, ಲಾಳಿಗಳ ಭಾಷೆ ಇಬ್ಬರಿಗೂ ಒಂದೇ.

ಇಳಕಲ್ ಸೀರೆಯಲ್ಲಿ ವಿನ್ಯಾಸ ಬದಲಾವಣೆ ಸುಲಭದ ಮಾತಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕಾದ್ದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಒಂದೇ ಉದ್ದ ಹಾಸಿನಲ್ಲಿ ಹತ್ತಾರು ಸೀರೆ ನೇಯ್ದು ವೆಚ್ಚ ತಗ್ಗಿಸುವ ಮಾರ್ಗ ಇಲ್ಲಿಲ್ಲ. ಟೋಪ್ ತೆನಿ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟೆಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟೆಗಳು. ಕೆಂಪು-ಬಿಳುಪುಗಳು ಕೂಡುವಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳು. ಇದು ಆ ಸೀರೆಯ ಗುರುತು. ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವ ಈ ವಸ್ತ್ರದಲ್ಲಿ ಕೊಂಡಿಯನ್ನೂ ಸೆರಗನ್ನೂ ಕೈಬಿಟ್ಟರೆ ಉಳಿಯುವುದು ಹೆಸರು ಮಾತ್ರ, ಮತ್ತು ಹೆಸರಿನ ಮೇಲೆ ಮಾರುವ ಅಗ್ಗದ ನಕಲುಗಳು ವಿದ್ಯುತ್ ಮಗ್ಗಗಳಿಂದ ಈಗಾಗಲೇ ಬೇಕಾದಷ್ಟು ಬರುತ್ತಿವೆ.

ಹೀಗಾಗಿ ವಿನ್ಯಾಸ ಕಲಿಕೆಯ ಮೊದಲ ಪ್ರಯೋಜನವೆಂದರೆ ಬದಲಿಸಬಾರದ್ದು ಯಾವುದು ಎಂಬ ವಿವೇಚನೆ. ಉಳಿದಂತೆ ಒಡಲಿನ ಬಣ್ಣ, ಚೌಕುಳಿಯ ಅಳತೆ, ಅಂಚಿನ ಅಗಲ, ನೂಲಿನ ನಂಬರು ಇವೆಲ್ಲ ಮುಕ್ತವಾಗಿವೆ. ಚಿಕ್ಕಿ, ಗೋಮಿ ಅಂಚುಗಳನ್ನು ದುಪಟ್ಟಾಕ್ಕೆ ಇಳಿಸುವಾಗ ಸೀರೆಯ ಅಳತೆಯಲ್ಲೇ ಇಟ್ಟರೆ ಅಂಚೇ ಬಟ್ಟೆಯನ್ನು ನುಂಗುತ್ತದೆ, ಪ್ರಮಾಣ ಬದಲಾಗಬೇಕು. ಪ್ರಮಾಣವೆಂಬ ಈ ಒಂದು ಪಾಠವನ್ನು ಅರಿಯದೆ ಸೀರೆಯ ಅಂಚನ್ನು ಯಥಾವತ್ತಾಗಿ ಚೀಲ, ದಿಂಬಿನ ಹೊದಿಕೆಗಳಿಗೆ ಹಚ್ಚಿದ ಮಾಲುಗಳನ್ನು ಎಲ್ಲ ಮೇಳಗಳಲ್ಲೂ ಕಾಣಬಹುದು, ಮೇಳದ ಕೊನೆಯ ದಿನವೂ ಅವು ಅಲ್ಲೇ ಇರುತ್ತವೆ.

ವರ್ತಕರ ಅಳುಕು

ನೇಕಾರ ವಿನ್ಯಾಸ ಕಲಿತರೆ ನೇರವಾಗಿ ಮಾರುಕಟ್ಟೆಗೆ ಹೋಗುತ್ತಾನೆ, ತಮ್ಮ ಕೈ ತಪ್ಪುತ್ತಾನೆ ಎಂಬ ಅಳುಕು ನೂಲು ಕೊಟ್ಟು ಮಜೂರಿಗೆ ನೇಯಿಸುವ ವರ್ತಕರಲ್ಲಿದೆ. ಇದು ನಿರಾಧಾರವಲ್ಲ. ಕಚ್ಛ್‌ನಲ್ಲಿ ಕಲಿತವರಲ್ಲಿ ಕೆಲವರು ಸ್ವಂತ ಹೆಸರಿನಲ್ಲಿ ವ್ಯಾಪಾರಕ್ಕೆ ಇಳಿದದ್ದು ನಿಜ; ಆ ಶಿಕ್ಷಣದ ಉದ್ದೇಶವೂ ಅದೇ ಆಗಿತ್ತು. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಬರಿಯ ಮಜೂರಿಯಲ್ಲಿ ಬದುಕು ಸಾಗದ ನೇಕಾರ ಹೇಗೂ ಕೈ ತಪ್ಪುತ್ತಾನೆ. ಅವನು ಹೋಗುವುದು ಪ್ರತಿಸ್ಪರ್ಧಿಯಾಗಿ ಅಲ್ಲ, ಕಟ್ಟಡ ಕೆಲಸಕ್ಕೋ ಪೇಟೆಯ ಕಾವಲುಗಾರಿಕೆಗೋ. ಆಗ ಮಗ್ಗವೂ ಇಲ್ಲ, ಮಾಲೂ ಇಲ್ಲ.

ಹೆಚ್ಚು ಜಟಿಲವಾದ ಪ್ರಶ್ನೆ ಕಲಿಕೆಯ ಖರ್ಚಿನದು. ವರ್ಷಕ್ಕೆ ಹನ್ನೆರಡು ವಾರ ಮಗ್ಗ ನಿಂತರೆ ಆ ಮಜೂರಿ ಯಾರು ತುಂಬಬೇಕು? ಮಾದರಿ ತುಂಡುಗಳನ್ನು ನೇಯಲು ಹಿಡಿಯುವ ದಿನಗಳಿಗೆ ಕೂಲಿ ಯಾರದು? ಮಾದರಿ ನೇಯ್ಗೆಗೆ ಪ್ರತ್ಯೇಕ ದರ ನಿಗದಿಪಡಿಸಿ, ಅದನ್ನು ಉತ್ಪಾದನಾ ವೆಚ್ಚದಲ್ಲಿ ಬಹಿರಂಗವಾಗಿ ತೋರಿಸುವುದು ವರ್ತಕರಿಂದಲೇ ಆಗಬಹುದಾದ ಕೆಲಸ. ನಾಲ್ಕು ಮಾದರಿ ನೇಯಿಸಿ ಒಂದನ್ನು ಆರಿಸುವುದರ ಖರ್ಚು, ಮೇಲೆ ಹೇಳಿದ ಹದಿನೈದು ಉಳಿಕೆ ಸೀರೆಗಳ ನಷ್ಟಕ್ಕಿಂತ ಕಡಿಮೆಯೇ. ತಾಂತ್ರಿಕ ನೆರವಿಗಾಗಿ ಬೆಂಗಳೂರಿನ ನೇಕಾರರ ಸೇವಾ ಕೇಂದ್ರ, ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಗಳಿವೆ.

ಹೊಸ ವಿನ್ಯಾಸ ಕೈಸೇರಿದ ಮೇಲೆ ಅದರ ರಕ್ಷಣೆಯಲ್ಲಿ ಆಗುವ ತಪ್ಪೊಂದಿದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದ ವಿನ್ಯಾಸಕ್ಕೆ ಮೊದಲು ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮೊದಲು ಪ್ರಕಟಗೊಂಡಿರಬಾರದು. ಮಾಲನ್ನು ಅಂಗಡಿಗೆ ಬಿಟ್ಟು, ಅದು ಓಡುತ್ತದೆಂದು ಖಚಿತವಾದ ಮೇಲೆ ನೋಂದಣಿಗೆ ಹೊರಟರೆ ಕಾಲ ಮಿಂಚಿರುತ್ತದೆ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದರೆ ಹಕ್ಕುಸ್ವಾಮ್ಯ ಕಾಯಿದೆಯ 15ನೆಯ ಕಲಮಿನ ಪ್ರಕಾರ ಅದರ ಹಕ್ಕುಸ್ವಾಮ್ಯವೂ ಅಲ್ಲಿಗೆ ನಿಲ್ಲುತ್ತದೆ. ಟೋಪ್ ತೆನಿಯಂಥ ಪರಂಪರೆಯ ನಮೂನೆಗಳು ಯಾರೊಬ್ಬರ ಹೆಸರಿನಲ್ಲೂ ಹೊಸ ವಿನ್ಯಾಸವಾಗಿ ನೋಂದಣಿಯಾಗಲಾರವು. ಅರ್ಜಿ ಹಾಕುವಾಗ ನಮೂನೆಯನ್ನು ರೂಪಿಸಿದವನು ನೇಕಾರನಾಗಿದ್ದರೆ, ಹಕ್ಕು ಯಾರ ಹೆಸರಿನಲ್ಲಿರಬೇಕು, ಮಾರಾಟದಲ್ಲಿ ಅವನ ಪಾಲೆಷ್ಟು ಎಂಬುದನ್ನು ಮೊದಲ ಹಾಸು ಏರಿಸುವ ಮುನ್ನವೇ ಬರಹದಲ್ಲಿ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.