ಮನೆಯ ಮರಗೆಲಸದ ಯಂತ್ರಗಳು ಮತ್ತು ಭೂಸಂಪರ್ಕದ ತತ್ತ್ವ

ಗರಗಸ, ಬಾಚಿ, ಉಳಿ, ಉಜ್ಜುಗೊರಡುಗಳಿಂದ ನಡೆಯುತ್ತಿದ್ದ ಮರಗೆಲಸವು ಇಂದು ಬಹುಮಟ್ಟಿಗೆ ವಿದ್ಯುಚ್ಛಕ್ತಿಯನ್ನು ಅವಲಂಬಿಸಿದೆ. ಚನ್ನಪಟ್ಟಣದ ಆಟಿಕೆಗಳ ಕಸುಬಿನಲ್ಲಿ ಕೈಯಿಂದ ನಡೆಸುವ ಲೇತ್‌ಗಳ ಜೊತೆಗೆ ಮೋಟಾರಿನಿಂದ ತಿರುಗುವ ಲೇತ್‌ಗಳೂ ಬಂದಿವೆ. ಕಸುಬಿನವರು ಮಾತ್ರವಲ್ಲದೆ, ಮರಗೆಲಸವನ್ನು ವಿರಾಮಕಾಲದ ಹವ್ಯಾಸವಾಗಿ ಕೈಗೊಂಡ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನೆಯ ಹಿತ್ತಿಲ ಕೊಠಡಿಯಲ್ಲಿಯೋ ಕಾರಿನ ಷೆಡ್ಡಿನಲ್ಲಿಯೋ ಒಂದು ಮೇಜುಗರಗಸವನ್ನು, ಒಂದು ಲೇತನ್ನು, ಕೈಯಲ್ಲಿ ಹಿಡಿಯುವ ಒಂದೆರಡು ಯಂತ್ರಗಳನ್ನು ಇರಿಸಿಕೊಳ್ಳುವುದು ಈಗ ಅಪರೂಪವೇನಲ್ಲ. ಕಾರ್ಖಾನೆಗಳಲ್ಲಿ ಇಂತಹ ಯಂತ್ರಗಳ ತನಿಖೆಗೆ ಕಾನೂನು ಉಂಟು, ಅಧಿಕಾರಿಗಳು ಉಂಟು. ಮನೆಯಲ್ಲಿ ಆ ಹೊಣೆಯು ಯಂತ್ರವನ್ನು ಬಳಸುವವನದೇ. ಆದಕಾರಣ ಈ ಯಂತ್ರಗಳ ವಿದ್ಯುತ್ ಸುರಕ್ಷತೆಯ ಮೂಲತತ್ತ್ವವನ್ನು, ಮುಖ್ಯವಾಗಿ ಭೂಸಂಪರ್ಕದ ಸ್ವರೂಪವನ್ನು, ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಭೂಸಂಪರ್ಕದ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಯಂತ್ರದ ಕವಚಕ್ಕೆ ಸೋರಿದ ವಿದ್ಯುತ್ತನ್ನು, ಒಣನೆಲವು ನೀರನ್ನು ಹೀರುವಂತೆ, ಭೂಮಿಯು ಹೀರಿಕೊಂಡುಬಿಡುತ್ತದೆ ಎಂಬುದೇ ಆ ಕಲ್ಪನೆ. ಹಿತ್ತಿಲಿನಲ್ಲಿ ಒಂದು ಕೊಳವೆಯನ್ನು ಹೂಳಿ, ಅದಕ್ಕೆ ತಂತಿಯನ್ನು ಬಿಗಿದು, ಅಷ್ಟರಿಂದಲೇ ಕ್ಷೇಮವಾಯಿತೆಂದು ನಂಬುವುದು ಇದರ ಫಲ. ವಾಸ್ತವವಾಗಿ ವಿದ್ಯುತ್ಪ್ರವಾಹವು ಎಲ್ಲಿಯೂ ಹೋಗಿ ಅಡಗುವುದಿಲ್ಲ. ಹೊರಟ ಸ್ಥಾನಕ್ಕೆ ಮರಳಿ ಸೇರುವ ಮಾರ್ಗವಿದ್ದಲ್ಲಿ ಮಾತ್ರ ಅದು ಹರಿಯುತ್ತದೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಜೋಡಿಸಿರುತ್ತಾರೆ. ಆದಕಾರಣ ಮನೆಯ ಫೇಸ್ ತಂತಿಯಿಂದ ನೆಲಕ್ಕೆ ಇಳಿದ ಪ್ರವಾಹವು ಮಣ್ಣಿನ ಮೂಲಕ ಹಾದು ಆ ಟ್ರಾನ್ಸ್‌ಫಾರ್ಮರಿಗೇ ಹಿಂದಿರುಗುತ್ತದೆ. ಭೂಸಂಪರ್ಕದ ಕೆಲಸವು ವಿದ್ಯುತ್ತನ್ನು ಅಡಗಿಸುವುದಲ್ಲ. ದೋಷವುಂಟಾದ ಕೂಡಲೆ ಸರಬರಾಜನ್ನು ಕಡಿಯುವ ಸಾಧನವನ್ನು ಎಚ್ಚರಿಸುವುದು. ಅದನ್ನು ಎಚ್ಚರಿಸಲಾರದ ಭೂಸಂಪರ್ಕವು ಕೆಲವೊಮ್ಮೆ ಅಪಾಯವನ್ನು ಮನೆಯ ಬೇರೆ ಮೂಲೆಗಳಿಗೂ ಹರಡಬಲ್ಲುದು.

ಮೊದಲು ಮನುಷ್ಯದೇಹದ ಮಿತಿಯನ್ನು ನೋಡೋಣ. ಹಾನಿಯನ್ನು ಮಾಡುವುದು ದೇಹದ ಮೂಲಕ ಹಾಯುವ ಪ್ರವಾಹದ ಪ್ರಮಾಣ ಮತ್ತು ಅದು ಹಾಯುವ ಕಾಲ. ಸುಮಾರು 1 ಮಿಲಿಆಂಪಿಯರಿನಲ್ಲಿ ಜುಮ್ಮೆನ್ನುವ ಅನುಭವವಾಗುತ್ತದೆ. ಪ್ರವಾಹವು ಇನ್ನೂ ಹೆಚ್ಚಿದಂತೆ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿಯೊದಗುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಝಿಯೆಲ್ ಅವರು ನಡೆಸಿದ ಪ್ರಸಿದ್ಧ ಪ್ರಯೋಗಗಳಲ್ಲಿ, ಹಿಡಿತವನ್ನು ಬಿಡಲು ಸಾಧ್ಯವಾಗುವ ಪ್ರವಾಹದ ಮಿತಿಯು ಪುರುಷರಲ್ಲಿ ಸರಾಸರಿ 16, ಸ್ತ್ರೀಯರಲ್ಲಿ ಸರಾಸರಿ 10.5 ಮಿಲಿಆಂಪಿಯರ್ ಎಂದು ಕಂಡುಬಂದಿತು. ಹಲವು ಹತ್ತು ಮಿಲಿಆಂಪಿಯರುಗಳ ಪ್ರವಾಹವು ಒಂದೆರಡು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ಬಡಿತದ ಕ್ರಮವೇ ಕೆಟ್ಟು ಮರಣವುಂಟಾಗಬಹುದು. ಕೈಯಿಂದ ಕಾಲಿನವರೆಗೆ ದೇಹದ ರೋಧವು ಚರ್ಮದ ಒದ್ದೆ, ಸಂಪರ್ಕದ ವಿಸ್ತಾರ ಮುಂತಾದವುಗಳಿಂದ ಬದಲಾಗುವುದಾದರೂ, ನಮ್ಮ ಲೆಕ್ಕಕ್ಕೆ 1500 ಓಮ್ ಎಂದಿಟ್ಟುಕೊಳ್ಳಬಹುದು.

ಮರಗೆಲಸದಲ್ಲಿ ಈ ಅಪಾಯಕ್ಕೆ ವಿಶೇಷ ಕಾರಣಗಳಿವೆ. ಕೆಲಸಗಾರನ ಎರಡು ಕೈಗಳೂ ಬೀಡುಕಬ್ಬಿಣದ ಮೇಜನ್ನು ಒತ್ತಿಕೊಂಡಿರುತ್ತವೆ. ಕಾಲು ಬಹುತೇಕ ಸಿಮೆಂಟಿನ ನೆಲದ ಮೇಲೆ, ಎಷ್ಟೋ ವೇಳೆ ಬರಿಗಾಲು. ಯಂತ್ರದ ನಿರಂತರ ಕಂಪನದಿಂದ ತಂತಿಗಳನ್ನು ಬಿಗಿದ ತಿರುಪುಗಳು ಸಡಿಲವಾಗುತ್ತವೆ, ತಂತಿಯ ಹೊದಿಕೆಯು ಲೋಹದ ಅಂಚಿಗೆ ಉಜ್ಜಿ ಸವೆಯುತ್ತದೆ. ಮರದ ಹುಡಿಯು ಮೋಟಾರಿನೊಳಗೂ ಸ್ವಿಚ್ಚಿನೊಳಗೂ ಸೇರುತ್ತದೆ. ಒಣಗಿದ ಹುಡಿಯು ಅವಾಹಕವಾದರೂ ಮಳೆಗಾಲದ ತೇವವನ್ನು ಹೀರಿದಾಗ ಅಲ್ಪಸ್ವಲ್ಪ ವಾಹಕವಾಗುತ್ತದೆ. ಇದಲ್ಲದೆ, ತಾನಾಗಿ ನಿರುಪದ್ರವವಾದ ಸಣ್ಣ ಆಘಾತವೂ ಕೈಯನ್ನು ಹಠಾತ್ತನೆ ಎಗರಿಸುತ್ತದೆ. ಬೇರೆಡೆಯಲ್ಲಿ ಅದು ಬೆಚ್ಚಿಬೀಳುವುದರಲ್ಲಿ ಮುಗಿಯಬಹುದು. ತಿರುಗುತ್ತಿರುವ ಗರಗಸದ ಬಿಲ್ಲೆಯ ಮುಂದೆ ಬೆರಳುಗಳನ್ನೇ ಕಳೆಯಬಹುದು.

ಈಗ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಷೆಡ್ಡಿನ ಮೇಜುಗರಗಸದಲ್ಲಿ ಫೇಸ್ ತಂತಿಯ ಹೊದಿಕೆ ಸವೆದು ತಾಮ್ರವು ಕವಚಕ್ಕೆ ತಗುಲಿತೆನ್ನಿ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು; ಮಂಡಲದಲ್ಲಿರುವ ಎಂ.ಸಿ.ಬಿ. 16 ಆಂಪಿಯರಿನದು. ಕವಚವನ್ನು ಹಿತ್ತಿಲಿನಲ್ಲಿ ಹೂಳಿರುವ ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಕೊಳವೆಗೆ ಜೋಡಿಸಲಾಗಿದೆ. ಮಣ್ಣಿನ ರೋಧಕತೆಯು 100 ಓಮ್-ಮೀಟರ್ ಇದ್ದರೆ, ರೂಢಿಯ ಸೂತ್ರದಂತೆ ಈ ಕೊಳವೆಯ ಭೂರೋಧವು ಸುಮಾರು 35 ಓಮ್ ಆಗುತ್ತದೆ. ಲೋಹದ ಕೊಳವೆಗೆ ಇಷ್ಟು ರೋಧ ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳು ಕೇಳಬಹುದು. ರೋಧವಿರುವುದು ಕೊಳವೆಯಲ್ಲಲ್ಲ, ಅದರ ಸುತ್ತಲಿನ ಮಣ್ಣಿನಲ್ಲಿ. ಪ್ರವಾಹವು ಕೊಳವೆಯಿಂದ ದೂರ ಸರಿದಂತೆ ಹಾಯುವ ಕ್ಷೇತ್ರವು ವಿಶಾಲವಾಗುತ್ತ ಹೋಗುವುದರಿಂದ, ಒಟ್ಟು ರೋಧದ ಬಹುಭಾಗವು ಕೊಳವೆಗೆ ಹತ್ತಿದ ಮಣ್ಣಿನಲ್ಲಿಯೇ ಕೂಡಿರುತ್ತದೆ. ಅರ್ತ್ ಗುಂಡಿಗೆ ಇದ್ದಿಲು ಮತ್ತು ಉಪ್ಪನ್ನು ತುಂಬಿ ನೀರು ಹೊಯ್ಯುವ ಪದ್ಧತಿಗೆ ಇದೇ ಕಾರಣ. ಬೇಸಗೆಯಲ್ಲಿ ಗುಂಡಿಯು ಒಣಗಿದಾಗ ಈ ರೋಧವು ಬಹಳವಾಗಿ ಏರುತ್ತದೆ.

ಮಂಡಲದ ಉಳಿದ ಭಾಗಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರಿನ ಬಳಿಯ ಭೂಸಂಪರ್ಕ ಮತ್ತು ತಂತಿಗಳಿಗೆ, 5 ಓಮ್ ಎಂದಿಟ್ಟುಕೊಂಡರೆ ಒಟ್ಟು ರೋಧವು 40 ಓಮ್. 230ನ್ನು 40ರಿಂದ ಭಾಗಿಸಿದರೆ ದೋಷಪ್ರವಾಹವು 5.75 ಆಂಪಿಯರ್ ಆಯಿತು. 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ದೋಷವೆಂದೇ ತೋರುವುದಿಲ್ಲ. ಒಂದು ಸಾಧಾರಣ ನೀರು ಕಾಯಿಸುವ ಹೀಟರಿನ ಹೊರೆಯಂತೆ ಅದನ್ನು ಎಷ್ಟು ಹೊತ್ತಾದರೂ ಸಹಿಸುತ್ತದೆ. ಅಷ್ಟು ಹೊತ್ತೂ ಕವಚದ ಮೇಲೆ 5.75 ಗುಣಿಸು 35, ಅಂದರೆ ಸುಮಾರು 201 ವೋಲ್ಟ್ ನಿಂತಿರುತ್ತದೆ. ಒದ್ದೆನೆಲದ ಮೇಲೆ ನಿಂತು ಅದನ್ನು ಮುಟ್ಟಿದವನ ದೇಹದಲ್ಲಿ 130 ಮಿಲಿಆಂಪಿಯರಿಗೂ ಮೀರಿದ ಪ್ರವಾಹ ಹರಿಯಬಹುದು. ಇದು ಮಾರಕ.

ಇಷ್ಟಕ್ಕೇ ಮುಗಿಯಲಿಲ್ಲ. ಮನೆಯ ಅರ್ತ್ ತಂತಿಗಳೆಲ್ಲ ಒಂದೇ ಕೊಳವೆಗೆ ಕೂಡಿರುವುದರಿಂದ, ಷೆಡ್ಡಿನ ಗರಗಸದ ಕವಚವು 201 ವೋಲ್ಟಿಗೇರಿದಾಗ ಅಡಿಗೆಮನೆಯ ಫ್ರಿಜ್ಜಿನ ಕವಚವೂ, ಬಚ್ಚಲಿನ ಬಟ್ಟೆ ಒಗೆಯುವ ಯಂತ್ರದ ಕವಚವೂ ಅದೇ ವೋಲ್ಟಿಗೇರುತ್ತವೆ. ಕಾಲಿಗೆ ರಬ್ಬರಿನ ಷೂ ತೊಟ್ಟು ಗರಗಸದ ಮುಂದೆ ನಿಂತವನಿಗೆ ಏನೂ ತಿಳಿಯದಿರಬಹುದು. ಒದ್ದೆ ಕೈಯಿಂದ ಬಟ್ಟೆ ತೆಗೆಯಲು ಹೋದ ಮನೆಯಾಕೆಯೋ, ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟ ಮಗುವೋ ಅದಕ್ಕೆ ಬಲಿಯಾಗಬಹುದು. ಭೂಸಂಪರ್ಕವು ಅಪಾಯವನ್ನು ಹರಡಬಲ್ಲುದೆಂದು ಮೇಲೆ ಹೇಳಿದುದರ ತಾತ್ಪರ್ಯವಿದು.

"ನಮ್ಮ ಅರ್ತ್ ಸರಿಯಾಗಿದೆ, ಬಲ್ಬು ಹಾಕಿ ನೋಡಿದ್ದೇವೆ" ಎಂಬ ಮಾತನ್ನು ಇಲ್ಲಿ ಪರೀಕ್ಷಿಸಬೇಕು. ಫೇಸ್‌ಗೂ ಅರ್ತಿಗೂ ನಡುವೆ ಒಂದು ಬಲ್ಬನ್ನು ಹಚ್ಚಿ, ಅದು ಚೆನ್ನಾಗಿ ಉರಿದರೆ ಅರ್ತ್ ಉತ್ತಮವೆಂದು ತೀರ್ಮಾನಿಸುವುದು ಬಹುಕಾಲದ ರೂಢಿ. 60 ವ್ಯಾಟಿನ ತಂತುದೀಪವು ಉರಿಯುವಾಗ ಅದರ ರೋಧವು ಸುಮಾರು 880 ಓಮ್. ಇದಕ್ಕೆ ನಮ್ಮ ಮಂಡಲದ 40 ಓಮ್ ಸೇರಿದರೆ ಹರಿಯುವುದು ಕಾಲು ಆಂಪಿಯರ್. ಮಣ್ಣಿನ ಮಾರ್ಗದಲ್ಲಿ ಕಳೆಯುವುದು 10 ವೋಲ್ಟ್ ಮಾತ್ರ. ದೀಪಕ್ಕೆ 220 ವೋಲ್ಟ್ ದೊರೆತು ಅದು ಪ್ರಕಾಶಮಾನವಾಗಿಯೇ ಉರಿಯುತ್ತದೆ. ಆದರೆ ಇದೇ ಅರ್ತ್ ಎಂ.ಸಿ.ಬಿ.ಯನ್ನು ಬೀಳಿಸಲು ಅಸಮರ್ಥವೆಂದು ಈಗತಾನೆ ಕಂಡೆವು. ಸಣ್ಣ ಪ್ರವಾಹಕ್ಕೆ ಸಾಲುವ ಮಾರ್ಗವು ದೊಡ್ಡ ಪ್ರವಾಹಕ್ಕೂ ಸಾಲುವುದೆಂದು ಹೇಳಲಾಗದು. ಪರೀಕ್ಷೆಯು ಅಪಾಯಕರ ಮಾತ್ರವಲ್ಲ, ಅದರ ಉತ್ತರವೂ ಮೋಸದ್ದು. ಅರ್ತ್ ಮೆಗ್ಗರ್ ಮುಂತಾದ ಉಪಕರಣದಿಂದ ಅರ್ಹ ಎಲೆಕ್ಟ್ರಿಷಿಯನ್ ಅಳೆದು ಹೇಳಿದ ಓಮ್‌ಗಳ ಸಂಖ್ಯೆಯೊಂದೇ ನಂಬತಕ್ಕದ್ದು.

ಹಾಗಾದರೆ ಎಷ್ಟು ರೋಧವಿದ್ದರೆ ಸಾಕು? ಮೋಟಾರುಗಳಿಗೆ ಸಾಮಾನ್ಯವಾಗಿ ಬಳಸುವ ಸಿ ವರ್ಗದ ಎಂ.ಸಿ.ಬಿ.ಯು ತತ್‌ಕ್ಷಣ ಕಡಿಯುವುದೆಂಬ ಭರವಸೆಯಿರುವುದು ತನ್ನ ಅಂಕಿತ ಪ್ರವಾಹದ ಹತ್ತರಷ್ಟರಲ್ಲಿ, ಅಂದರೆ ಇಲ್ಲಿ 160 ಆಂಪಿಯರಿನಲ್ಲಿ. ಅದಕ್ಕೆ ಮಂಡಲದ ಒಟ್ಟು ರೋಧವು ಒಂದೂವರೆ ಓಮಿಗಿಂತ ಕಡಮೆಯಿರಬೇಕು. ಟ್ರಾನ್ಸ್‌ಫಾರ್ಮರಿನವರೆಗೂ ಲೋಹದ ತಂತಿಯೇ ಮರಳುಮಾರ್ಗವಾಗಿರುವ ವ್ಯವಸ್ಥೆಯಲ್ಲಿ ಇದು ಸಾಧ್ಯ. ಮಣ್ಣೊಂದನ್ನೇ ನಂಬಿದ ಮನೆಯಲ್ಲಿ ಸಾಧಾರಣವಾಗಿ ಸಾಧ್ಯವಿಲ್ಲ.

ಈ ತೊಡಕನ್ನು ಪರಿಹರಿಸುವ ಸಾಧನವೇ ಆರ್.ಸಿ.ಸಿ.ಬಿ. ಫೇಸ್‌ನಲ್ಲಿ ಹೋದ ಪ್ರವಾಹವು ನ್ಯೂಟ್ರಲ್‌ನಲ್ಲಿ ಪೂರ್ತಿಯಾಗಿ ಹಿಂದಿರುಗಿತೇ ಎಂಬುದನ್ನು ಅದು ಸದಾ ತೂಗಿ ನೋಡುತ್ತಿರುತ್ತದೆ. ಎರಡೂ ತಂತಿಗಳು ಒಂದೇ ಕಾಂತೀಯ ಉಂಗುರದ ಮೂಲಕ ಹಾಯುವುದರಿಂದ, ಅವು ಸಮವಾಗಿದ್ದಾಗ ಕಾಂತಪರಿಣಾಮಗಳು ಪರಸ್ಪರ ಅಳಿದುಹೋಗುತ್ತವೆ. ಪ್ರವಾಹದ ಒಂದಂಶವು ನೆಲದ ದಾರಿ ಹಿಡಿದರೆ ಸಮತೋಲವು ಕೆಟ್ಟು ಸಾಧನವು ಮಂಡಲವನ್ನು ಕಡಿಯುತ್ತದೆ. 30 ಮಿಲಿಆಂಪಿಯರಿನ ಸಾಧನವು ಆ ಪ್ರಮಾಣದ ಸೋರಿಕೆಯಲ್ಲಿ 0.3 ಸೆಕೆಂಡಿನೊಳಗೆ, ಅದರ ಐದರಷ್ಟರಲ್ಲಿ 0.04 ಸೆಕೆಂಡಿನೊಳಗೆ ಕಡಿಯಬೇಕೆಂಬುದು ನಿಯಮ. ನಮ್ಮ 35 ಓಮಿನ ಕೊಳವೆಯಲ್ಲಿ 30 ಮಿಲಿಆಂಪಿಯರ್ ಹರಿದಾಗ ಕವಚಕ್ಕೇರುವುದು ಕೇವಲ 1 ವೋಲ್ಟ್. 201 ವೋಲ್ಟ್ ನಿಲ್ಲುವ ಪ್ರಸಂಗವೇ ಒದಗದು.

ಹಾಗೆಂದು ಅರ್ತ್ ತಂತಿಯೇ ಬೇಡವೆನ್ನುವುದು ಸರಿಯಲ್ಲ. ಅರ್ತ್ ಇಲ್ಲದಿದ್ದರೆ ದೋಷಯುಕ್ತ ಯಂತ್ರವು, ಯಾರಾದರೂ ಮುಟ್ಟುವವರೆಗೆ, ಸುಮ್ಮನೆ ಕಾದಿರುತ್ತದೆ. ಸೋರಿಕೆಯನ್ನು ಸಾಧನಕ್ಕೆ ತಿಳಿಸಿಕೊಡುವ ಮೊದಲ ವಾಹಕವು ಮನುಷ್ಯನ ದೇಹವೇ ಆಗುತ್ತದೆ. ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲನ್ನೂ ಮುಟ್ಟಿದರೆ ಈ ಸಾಧನಕ್ಕೆ ಅದು ಗೊತ್ತಾಗುವುದೂ ಇಲ್ಲ. ಆದಕಾರಣ ಅರ್ತ್ ಮತ್ತು ಆರ್.ಸಿ.ಸಿ.ಬಿ. ಒಂದಕ್ಕೊಂದು ಬದಲಿಯಲ್ಲ, ಪೂರಕ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಅರ್ತ್ ಇಲ್ಲದ ಕಡೆ ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಅರ್ತಿನ ರಂಧ್ರಕ್ಕೆ ಜೋಡಿಸುವ ಅಡ್ಡದಾರಿಯೊಂದುಂಟು. ನ್ಯೂಟ್ರಲ್ ತಂತಿಯು ಹಿಂದೆ ಎಲ್ಲಿಯಾದರೂ ತುಂಡಾದರೆ, ಸ್ವಿಚ್ಚು ಹಾಕಿದ ಕೂಡಲೆ ಮೋಟಾರಿನ ಸುರುಳಿಯ ಮೂಲಕ ಯಂತ್ರದ ಕವಚವು ಫೇಸ್‌ನ ವೋಲ್ಟಿಗೇರುತ್ತದೆ. ದೋಷವಿಲ್ಲದ ಯಂತ್ರವನ್ನೂ ಕೊಲ್ಲುವ ಯಂತ್ರವನ್ನಾಗಿಸುವ ಈ ಕ್ರಮವನ್ನು ಎಂದಿಗೂ ಅನುಸರಿಸಕೂಡದು. ಮೂರನೆಯ ಪಿನ್ನನ್ನು ಮುರಿದು ಎರಡು ರಂಧ್ರಗಳ ಸಾಕೆಟ್ಟಿಗೆ ತುರುಕುವುದೂ ಇಂತಹುದೇ. ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು, ಅರ್ತಿನ ಸಂಪರ್ಕವು ಎಲ್ಲಕ್ಕಿಂತ ಮೊದಲು ಕೂಡಿ ಎಲ್ಲಕ್ಕಿಂತ ಕೊನೆಗೆ ಬಿಡಲೆಂದು. ಕೈಯಲ್ಲಿ ಹಿಡಿಯುವ ಕೆಲವು ಯಂತ್ರಗಳಿಗೆ ಎರಡೇ ಪಿನ್ನುಗಳಿರುವುದು ನಿಜ. ಅವುಗಳ ಫಲಕದಲ್ಲಿ ಚೌಕದೊಳಗೊಂದು ಚೌಕದ ಚಿಹ್ನೆ ಇರುತ್ತದೆ. ಇಮ್ಮಡಿ ಅವಾಹಕ ಹೊದಿಕೆಯುಳ್ಳ ಅಂತಹ ಯಂತ್ರಗಳಿಗೆ ಅರ್ತ್ ಬೇಕಿಲ್ಲ. ಆ ಚಿಹ್ನೆಯಿಲ್ಲದ ಲೋಹಕವಚದ ಯಂತ್ರಕ್ಕೆ ಈ ವಿನಾಯಿತಿ ಸಲ್ಲದು.

ವಿದೇಶದಿಂದ ತಂದ ಯಂತ್ರಗಳಲ್ಲಿ ತಂತಿಗಳ ಬಣ್ಣವನ್ನು ಕುರಿತು ಎಚ್ಚರ ಬೇಕು. ಅಮೆರಿಕದ ಪದ್ಧತಿಯಲ್ಲಿ ಕಪ್ಪು ತಂತಿ ಫೇಸ್, ಬಿಳಿಯದು ನ್ಯೂಟ್ರಲ್. ನಮ್ಮ ಮನೆಗಳ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್. ಬಣ್ಣವನ್ನು ನಂಬಿ ಜೋಡಿಸಿದರೆ ಸ್ವಿಚ್ಚು ನ್ಯೂಟ್ರಲನ್ನು ಮಾತ್ರ ಕಡಿದು, ನಿಂತ ಯಂತ್ರದೊಳಗೂ ಫೇಸ್ ಜೀವಂತವಾಗಿರಬಹುದು.

ಇನ್ನು ಎಕ್ಸ್‌ಟೆನ್ಷನ್ ತಂತಿಯ ವಿಷಯ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 20 ಮೀಟರ್ ಉದ್ದವಿದ್ದರೆ ಹೋಗಿ ಬರುವ ದಾರಿಯ ರೋಧ ಸುಮಾರು ಅರ್ಧ ಓಮ್. ಆರಂಭದಲ್ಲಿ 50 ಆಂಪಿಯರ್ ಎಳೆಯುವ ಮೋಟಾರಿಗೆ ಸುಮಾರು 26 ವೋಲ್ಟ್ ಕಡಮೆಯಾಗುತ್ತದೆ. ತಿರುಗುಬಲವು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ ಐದರಲ್ಲೊಂದು ಪಾಲು ಕುಂದುತ್ತದೆ. ಮೋಟಾರು ತಡವರಿಸುತ್ತ ಬಿಸಿಯೇರಿದರೆ ಅದರ ಸುರುಳಿಯ ಹೊದಿಕೆ ಬೇಗ ಕೆಡುವುದು. ಮೇಲೆ ವರ್ಣಿಸಿದ ದೋಷದ ಬೀಜವು ಎಷ್ಟೋ ಸಲ ಇಲ್ಲಿಯೇ ಬಿದ್ದಿರುತ್ತದೆ. ವಿದ್ಯುತ್ತು ಹೋಗಿ ಮರಳಿ ಬಂದಾಗ ಗರಗಸವು ತಾನಾಗಿ ತಿರುಗದಂತೆ ತಡೆಯುವ ಸ್ಟಾರ್ಟರ್ ಇರುವುದೂ ಅಗತ್ಯ.

ಭಾರತೀಯ ಮಾನಕ 3043 ಎಂಬ ಭೂಸಂಪರ್ಕದ ಸಂಹಿತೆಯು 1966ರಲ್ಲಿ ಹೊರಬಂದು 1987ರಲ್ಲಿಯೂ 2018ರಲ್ಲಿಯೂ ಪರಿಷ್ಕೃತವಾಗಿದೆ. ನಿಯಮಗಳ ಕೊರತೆ ನಮಗಿಲ್ಲ. ಕಾಲೇಜಿನ ತರಗತಿಗಳಲ್ಲಿ ಓಮನ ನಿಯಮವನ್ನು ಬೋಧಿಸುವವರೂ ಕಲಿಯುವವರೂ ತಮ್ಮ ಮನೆಯ ಅರ್ತಿನ ರೋಧವೆಷ್ಟು, ಮನೆಯ ಎಂ.ಸಿ.ಬಿ. ಎಷ್ಟು ಆಂಪಿಯರಿನದು, ಒಂದನ್ನು ಇನ್ನೊಂದರೊಡನೆ ಹೊಂದಿಸಿದರೆ ಬರುವ ಉತ್ತರವೇನು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕೆಂಬುದೇ ನಮ್ಮ ಪ್ರಾರ್ಥನೆ. ಒಂದು ಭಾಗಾಕಾರದ ಲೆಕ್ಕವಷ್ಟೆ. ಆದರೆ ಅದನ್ನು ಗರಗಸದ ಸ್ವಿಚ್ಚು ಹಾಕುವುದಕ್ಕೆ ಮೊದಲು ಮಾಡಿರಬೇಕು.