ಮಿದುಳಿನ ಬಿಳಿ ಚುಕ್ಕೆಗಳು ಹೇಳುವುದೇನು?

ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತಾಯಿಯೊಬ್ಬರು ಕೇಳಿದರು: 'ಡಾಕ್ಟ್ರೇ, ಇವೆಲ್ಲ ಏನು ಬಿಳಿ ಚುಕ್ಕೆಗಳು? ಮಗಳು ಈಗ ಚೆನ್ನಾಗಿದ್ದಾಳಲ್ಲ, ಔಷಧಿ ನಿಲ್ಲಿಸಬಹುದೇ?' ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮಂಜಾಗಿದ್ದ ಒಂದು ಕಣ್ಣಿನ ದೃಷ್ಟಿ ಕೆಲವೇ ವಾರಗಳಲ್ಲಿ ಮರಳಿತ್ತು.

ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಹಾಳುಮಾಡುತ್ತದೆ. ಹಾಗೆ ಗಾಯಗೊಂಡ ಜಾಗಗಳೇ ಎಂ.ಆರ್.ಐ. ಚಿತ್ರದ ಬಿಳಿ ಚುಕ್ಕೆಗಳು. 1981ರಲ್ಲಿ ಲಂಡನ್ನಿನಲ್ಲಿ 10 ಮಂದಿ ರೋಗಿಗಳನ್ನು ಪರೀಕ್ಷಿಸಿದಾಗ ಸಿ.ಟಿ. ಸ್ಕ್ಯಾನ್ 19 ಗಾಯಗಳನ್ನು ತೋರಿಸಿತ್ತು, ಎಂ.ಆರ್.ಐ. ಅವಲ್ಲದೆ ಇನ್ನೂ 112 ಗಾಯಗಳನ್ನು ಪತ್ತೆಮಾಡಿತು!

ಇವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಮೂಡುವಂಥವು. ರೋಗಿಗೆ ಏನೂ ಅನ್ನಿಸದಿದ್ದಾಗಲೂ ಹೊಸ ಚುಕ್ಕೆ ಕಾಣಿಸಿಕೊಳ್ಳಬಹುದು. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಚಿತ್ರ ತೆಗೆದರೆ, ಕೆಲವು ವಾರಗಳಿಂದೀಚಿನ ಉರಿಯೂತವಿರುವ ಗಾಯ ಹೊಳೆಯುತ್ತದೆ. ಹಳೆಯದು ಹೊಳೆಯುವುದಿಲ್ಲ.

ಚುಕ್ಕೆ ಎಣಿಸಿದರಷ್ಟೇ ಸಾಲದು. ಚಿತ್ರದಲ್ಲಿ ಸರಿಯಾಗಿಯೇ ಕಾಣುವ ಭಾಗದಲ್ಲೂ ನರತಂತುಗಳು ಸವೆದಿರಬಹುದು. ನೀರಿನ ಕಣಗಳು ತಂತುಗಳ ಗುಂಟ ಹೇಗೆ ಚಲಿಸುತ್ತವೆಂದು ಅಳೆಯುವ ವಿಧಾನ ಇದನ್ನು ಗುರುತಿಸಬಲ್ಲದು. ಆದರೆ ಅದರ ಬಳಕೆ ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ. ಕಂಪ್ಯೂಟರಿನಿಂದ ಮಿದುಳಿನ ಗಾತ್ರ ಅಳೆಯುವುದು ಮತ್ತೊಂದು ವಿಧಾನ. ಆರೋಗ್ಯವಂತ ವಯಸ್ಕರ ಮಿದುಳು ವರ್ಷಕ್ಕೆ ಸುಮಾರು ಶೇ. 0.1ರಿಂದ 0.3ರಷ್ಟು ಕುಗ್ಗುತ್ತದೆ, ಚಿಕಿತ್ಸೆ ಪಡೆಯದ ರೋಗಿಗಳಲ್ಲಿ ಇದು ಸಾಮಾನ್ಯವಾಗಿ ಶೇ. 0.5ರಿಂದ 1ಕ್ಕೂ ಮೇಲೆ. ವ್ಯತ್ಯಾಸ ಇಷ್ಟು ಸಣ್ಣದಾದ್ದರಿಂದ ಒಂದೇ ಅಳತೆಯನ್ನು ನಂಬಿ ಕಂಗೆಡಬಾರದು. ನೀರು ಕಡಿಮೆ ಕುಡಿದಿದ್ದರೂ ಲೆಕ್ಕ ತಪ್ಪಬಹುದು. ಚಿಕಿತ್ಸೆಯ ಆರಂಭದಲ್ಲಿ ಊತ ಇಳಿದಾಗಲೂ ಮಿದುಳು ಕುಗ್ಗಿದಂತೆ ಕಾಣುತ್ತದೆ.

ಇನ್ನೊಂದು ಮಾತು. ಬಿಳಿ ಚುಕ್ಕೆ ಕಂಡ ಮಾತ್ರಕ್ಕೆ ಅದು ಇದೇ ಕಾಯಿಲೆ ಎನ್ನುವಂತಿಲ್ಲ. ಅರೆತಲೆನೋವು, ರಕ್ತದೊತ್ತಡ, ವಯಸ್ಸು ಇವುಗಳಿಂದಲೂ ಚುಕ್ಕೆಗಳು ಬರುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಗಾಯಗಳ ನಡುವೆ ಸಾಮಾನ್ಯವಾಗಿ ಸಣ್ಣ ಅಭಿಧಮನಿಯೊಂದು ಹಾದುಹೋಗಿರುತ್ತದೆ. ವಿಶೇಷ ವಿಧಾನದ ಎಂ.ಆರ್.ಐ.ನಲ್ಲಿ ಅದನ್ನು ನೋಡಿ ತಜ್ಞರು ವ್ಯತ್ಯಾಸ ತಿಳಿಯುತ್ತಾರೆ. ರಿಪೋರ್ಟಿನ ಒಂದು ಸಾಲು ಓದಿ ಮನೆಮಂದಿಯೆಲ್ಲ ಅಳುತ್ತಾ ಕೂತದ್ದನ್ನು ನಾನು ನೋಡಿದ್ದೇನೆ.

ಆ ತಾಯಿಗೆ ಹೇಳಿದ್ದಿಷ್ಟೆ: ಕಣ್ಣು ಸರಿಹೋಯಿತೆಂದು ಔಷಧಿ ನಿಲ್ಲಿಸಬೇಡಿ, ನರರೋಗ ತಜ್ಞರನ್ನು ಕೇಳಿ. ಮುಂದಿನ ಸ್ಕ್ಯಾನನ್ನು ಆದಷ್ಟೂ ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಹಳೆಯ ಫಿಲ್ಮು, ಸಿ.ಡಿ. ಎಲ್ಲವನ್ನೂ ಜೊತೆಗೆ ಒಯ್ಯಿರಿ. ಮೂತ್ರಪಿಂಡದ ತೊಂದರೆಯಿದ್ದರೆ ಅಥವಾ ಗರ್ಭಿಣಿಯಾಗಿರುವ ಸಂಭವವಿದ್ದರೆ ಚುಚ್ಚುಮದ್ದಿಗೆ ಮೊದಲೇ ತಿಳಿಸಿ.