ಸೊಲ್ಲಾಪುರದಾಗ ಯಾರ‍್ಯಾರು ಇದ್ದಾರ? ಜನಗಣತಿಯವರು ಬಂದಾಗ ಏನು ಹೇಳಬೇಕು?

ಇವತ್ತಿನ ಮಾತು ಸೊಲ್ಲಾಪುರದ್ದು.

ಮಸೂತಿ, ತೆಲಗಿ, ಬಸವನ ಬಾಗೇವಾಡಿ ಕಡೆಯವರಿಗೆ ಈ ಊರು ಹೊಸದಲ್ಲ. ವಿಜಯಪುರದಿಂದ ಸುಮಾರು 100 ಕಿಲೋಮೀಟರ್. ರೈಲು ಹತ್ತಿದರೆ ಹೋಟಗಿ ದಾಟಿ ಅಲ್ಲೇ ಇಳೀಬಹುದು. ರಾಜ್ಯ ಬೇರೆ, ಆದರೆ ಪೇಟೆಯೊಳಗ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳ್ತಾವ. ಇಷ್ಟು ಭಾಷೆ ಒಂದೇ ಊರಿಗೆ ಹೆಂಗ ಸೇರಿದವು?

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಸೊಲ್ಲಾಪುರದ ಜನಸಂಖ್ಯೆ ಸುಮಾರು 9.51 ಲಕ್ಷ. ಹುಬ್ಬಳ್ಳಿ–ಧಾರವಾಡದ್ದು 9.43 ಲಕ್ಷ. ಸಂವಿಧಾನದ ಪ್ರಕಾರ 10 ಲಕ್ಷ ಮುಟ್ಟಿದರೆ ‘ಮಹಾನಗರ ಪ್ರದೇಶ’. ಅಂದರೆ ಎರಡೂ ಊರು ಆಗ ಹೊಸ್ತಿಲ ಮೇಲೆ ನಿಂತಿದ್ದವು. ಆದರೆ ಈ ಸಂಖ್ಯೆ ಎಷ್ಟು ಜನ ಅಂತ ಹೇಳ್ತದ, ಯಾರು ಅಂತ ಹೇಳೂದಿಲ್ಲ.

ಕನ್ನಡ ಇಲ್ಲಿ ಹೊರಗಿನಿಂದ ಬಂದದ್ದಲ್ಲ. ಇದು 12ನೇ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆ. ಸಂಕ್ರಾಂತಿಗೆ ನಡೆಯುವ ಅವರ ಜಾತ್ರೆಯೇ ಇವತ್ತಿಗೂ ಊರಿನ ದೊಡ್ಡ ಜಾತ್ರೆ. ಸುತ್ತಲಿನ ಹಳ್ಳಿಗಳಲ್ಲಿ ಮರಾಠಿಯೂ ಅಷ್ಟೇ ಹಳೆಯದು. 1877ರಲ್ಲಿ ಹತ್ತಿ ಗಿರಣಿ ಬಂತು. ಕೆಲಸ ಹುಡುಕಿಕೊಂಡು ಸುತ್ತಲಿನ ಬರದ ನಾಡಿನವರು ಬಂದರು. ತೆಲಂಗಾಣ ಕಡೆಯಿಂದ ಪದ್ಮಶಾಲಿ ನೇಕಾರರು ಬಂದು ಮಗ್ಗ ಹೂಡಿದರು. ಮನೆಯಲ್ಲಿ ನಾವು ಹೊದೆಯುವ ಸೊಲ್ಲಾಪುರ ಚಾದರದ ಹಿಂದೆ ಇವರ ಕೈ ಅದ. ಈ ಮನೆಗಳ ಸಾವಿರಾರು ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ.

ಊರು ಎಂಥದ್ದು ಅಂತ ತಿಳಿಯಲು ನಾಲ್ಕು ಹೆಸರು ಸಾಕು. 1930ರ ಮೇ ತಿಂಗಳಲ್ಲಿ ಸೊಲ್ಲಾಪುರ ಬ್ರಿಟಿಷರ ವಿರುದ್ಧ ಎದ್ದಿತು, ಮಾರ್ಷಲ್ ಲಾ ಬಂತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ. ಹೆಸರು ಓದಿದರೆ ಸಾಕು, ಊರಿನ ಓಣಿಗಳೇ ಕಾಣ್ತಾವ.

1956ರ ತನಕ ವಿಜಯಪುರ, ಸೊಲ್ಲಾಪುರ ಎರಡೂ ಮುಂಬೈ ರಾಜ್ಯದಲ್ಲೇ ಇದ್ದವು. ಆ ವರ್ಷ ನವೆಂಬರ್ 1ಕ್ಕೆ ವಿಜಯಪುರ ಈಚೆ ಬಂತು, ಸೊಲ್ಲಾಪುರ ಆಚೆ ಉಳೀತು. ಬೀಗತನ ಮಾತ್ರ ಗಡಿ ಕೇಳಲಿಲ್ಲ.

ಈಗ ನಿಮಗೆ ಸಂಬಂಧಪಟ್ಟ ಮಾತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಮುಂದಿನದು 2027ರದ್ದು. ಅದರಲ್ಲಿ ‘ಮಾತೃಭಾಷೆ’ ಅಂತ ಕೇಳ್ತಾರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಹುಡುಗ ಏನು ಹೇಳಬೇಕು? ಎಣಿಕೆಯ ನಿಯಮ ಸರಳ: ಸಣ್ಣವರಿದ್ದಾಗ ತಾಯಿ ನಿಮ್ಮ ಜೊತೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಆಡುತ್ತಿದ್ದ ಭಾಷೆ. ಶಾಲೆಯದ್ದಲ್ಲ, ರಾಜ್ಯದ್ದೂ ಅಲ್ಲ. ಬರುವ ಇತರ ಭಾಷೆಗಳನ್ನು ಬರೆಸಲು ಬೇರೆ ಕಾಲಂ ಇರ್ತದ, ಮರಾಠಿ ಅಲ್ಲಿ ಬರಲಿ.

ಇದರಿಂದ ಏನು ಆಗ್ತದ? ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿಕೊಂಡ ಪದ್ಧತಿಯೊಂದಿದೆ. ಒಂದು ಪ್ರದೇಶದಲ್ಲಿ ಒಂದು ಭಾಷೆಯವರು ಶೇ 15 ಇದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಆ ಶೇಕಡಾ ಲೆಕ್ಕ ಹಾಕೋದು ಇದೇ ಕಾಲಂನಿಂದ. ಸೊಲ್ಲಾಪುರದ ತೆಲುಗು ಮನೆಗೂ ಇದೇ ಮಾತು, ವಿಜಯಪುರದ ಮರಾಠಿ ಮನೆಗೂ ಇದೇ ಮಾತು.

ಹಂಗಾಗಿ ಎಣಿಕೆಯವರು ಬಂದಾಗ ಗೊಂದಲ ಬೇಡ. ಅವ್ವ ಯಾವ ಭಾಷೆಯಲ್ಲಿ ಊಟಕ್ಕ ಕರೀತಿದ್ದಳೋ, ಅದನ್ನೇ ಬರೆಸಿ. ಮತ್ತೆ ಸಿಗೋಣ.